ಮುದ್ದೆ ತಿನ್ನುವ ಮೀನು

ನನ್ನ ಸೋದರಮಾವ ಒಂದು ಕಡೆ ಕೂತದ್ದನ್ನು ನೋಡಿದವರು ನಮ್ಮ ವಂಶದಲ್ಲಿ ಯಾರೂ ಇಲ್ಲ. ನಂಬಿಕೆ ಬರದಿದ್ದರೆ ಅವನ ಮದುವೆಯ ಫೋಟೊ ನೋಡಿ. ಅತ್ತೆ ಹಸೆಮಣೆಯ ಮೇಲೆ ತಲೆ ತಗ್ಗಿಸಿ ಕೂತಿದ್ದಾರೆ, ಪಕ್ಕದ ಜಾಗ ಖಾಲಿ! ಮದುಮಗ ಎಲ್ಲಿ ಅಂದಿರಾ? ಫೋಟೊದ ಮೂಲೆಯಲ್ಲಿ, ಜನರೇಟರ್ ಯಾಕೆ ಕೆಮ್ಮುತ್ತಿದೆ ಎಂದು ವಿಚಾರಿಸುತ್ತ ನಿಂತಿದ್ದಾನೆ. ಚಿಕ್ಕಂದಿನಲ್ಲಿ ನಾನು ಹಠ ಹಿಡಿದರೆ ನಮ್ಮಮ್ಮ, "ಸುಮ್ನಿರ್ತೀಯೋ, ನನ್ ತಮ್ಮಂಗೇ ಕಟ್ಬುಡ್ಲೋ?" ಎಂದು ಹೆದರಿಸುತ್ತಿದ್ದಳು. ಅಕ್ಕನ ಮಗಳನ್ನು ತಮ್ಮನಿಗೆ ಕೊಡುವುದು ನಮ್ಮ ಕಡೆ ಹೊಸದೇನಲ್ಲ, ಆದ್ದರಿಂದ ನಾನು ತಕ್ಷಣ ಬಾಯಿ ಮುಚ್ಚುತ್ತಿದ್ದೆ. ಆ ಗಂಡಾಂತರದಿಂದ ನನ್ನನ್ನು ಪಾರು ಮಾಡಿದ ಅತ್ತೆಗೆ ನಾನು ಇವತ್ತಿಗೂ ಋಣಿ.

ಇಂಥವನು ತಿಪಟೂರು ಸೀಮೆಯಲ್ಲಿ ಹುಟ್ಟಿದ್ದೇ ತಪ್ಪು. ಇಲ್ಲಿ ಎಲ್ಲದಕ್ಕೂ ಕಾಯಬೇಕು. ತೆಂಗಿನ ಸಸಿ ನೆಟ್ಟವನು ಕಾಯಿ ಕಾಣುವ ಹೊತ್ತಿಗೆ ತಲೆ ನರೆತಿರುತ್ತದೆ. ಕಾಯಿ ಕಿತ್ತು ಅಟ್ಟಕ್ಕೆ ಹಾಕಿದರೆ ಅದು ಒಳಗೊಳಗೇ ಒಣಗಿ, ಚಿಪ್ಪು ಬಿಟ್ಟು, ಉಂಡೆ ಕೊಬ್ಬರಿಯಾಗಲು ಹೆಚ್ಚುಕಡಿಮೆ ಒಂದು ವರ್ಷ. ಊರಿನ ಗಂಡಸರೆಲ್ಲ ಎಲೆ ಅಡಿಕೆ ಮೆಲ್ಲುತ್ತ ಜಗಲಿಯ ಮೇಲೆ ಕಾಯುತ್ತ ಕೂತಿದ್ದರೆ, ಮಾವ ಮಾತ್ರ ದಿನ ಬಿಟ್ಟು ದಿನ ಏಣಿ ಹತ್ತುತ್ತಿದ್ದ. ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, "ಇದು ಗಡಗಡ ಅಂತೈತೆ ಕಣವ್ವ!" ಎಂದು ಅಟ್ಟದಿಂದಲೇ ಕೂಗುತ್ತಿದ್ದ.

"ಅದು ನೀರು ಕಣ್ಲಾ! ಮೊನ್ನೆ ಹಾಕಿದ್ ಕಾಯಿ. ಇಳಿ ಕೆಳೀಕೆ!" ಎಂದು ಕೆಳಗಿನಿಂದ ಅಜ್ಜಿ.

ಅಜ್ಜಿ ಅಂದರೆ ಮಾವನ ತಾಯಿ, ಆ ಮನೆಯ ಸುಪ್ರೀಂ ಕೋರ್ಟು. ನಾನು ತಿಪಟೂರಿನಲ್ಲಿ ಡಿಗ್ರಿ ಓದುವಾಗ ನೊಣವಿನಕೆರೆ ರಸ್ತೆಯ ಅವರ ಮನೆಯಲ್ಲೇ ಇದ್ದೆನಾದ್ದರಿಂದ ಎಲ್ಲ ವಿಚಾರಣೆಗಳಿಗೂ ಸಾಕ್ಷಿಯಾಗಿದ್ದೇನೆ. ಮಾವ ಮೊಲ ಸಾಕಿದ, ಮೂರೇ ತಿಂಗಳಿಗೆ ಬೇಜಾರಾಗಿ ಯಾರಿಗೋ ಕೊಟ್ಟ. ಅಣಬೆ ಬೆಳೆದ, ಅದು ಮೊಳೆಯುವ ಮುಂಚೆಯೇ ಚೀಲ ಬಿಚ್ಚಿ ನೋಡಿ ಕೊಳೆಸಿದ. ಎಲ್ಲರೂ ವೆನಿಲಾ ವೆನಿಲಾ ಎಂದು ಕುಣಿದ ಕಾಲದಲ್ಲಿ ಅದನ್ನೂ ನೆಟ್ಟ, ಬಳ್ಳಿ ಹಬ್ಬುವ ಮುಂಚೆ ಕಿತ್ತ. "ನಿಮ್ ಮಾವ ಬಿಡ್ದೇ ಇಟ್ಕೊಂಡಿರೋದು ಒಂದು ಮೂಗು, ಇನ್ನೊಂದು ನಾನು" ಎನ್ನುತ್ತಿದ್ದರು ಅತ್ತೆ. ಅತ್ತೆಯ ನಾಲಿಗೆ ಬಲು ಚುರುಕು, ನನಗೆ ಆ ಮನೆಯಲ್ಲಿ ಹೊತ್ತು ಹೋಗುತ್ತಿದ್ದುದೇ ಅದರಿಂದ.

ಕೊರತೆ ಒಂದೇ. ಮದುವೆಯಾಗಿ ಬಹಳ ವರ್ಷವಾದರೂ ಅವರಿಗೆ ಮಕ್ಕಳಾಗಿರಲಿಲ್ಲ. ಅಜ್ಜಿ ಹರಕೆ, ನಾಟಿ ಔಷಧಿ, ತುಮಕೂರಿನ ಡಾಕ್ಟರು ಎಲ್ಲವನ್ನೂ ಮುಗಿಸಿ ಕೊನೆಗೆ ವಾಸ್ತುವಿನವನನ್ನು ಕರೆಸಿದಳು. ಬಾಗಿಲಿದ್ದಲ್ಲಿ ಗೋಡೆ, ಗೋಡೆಯಿದ್ದಲ್ಲಿ ಬಾಗಿಲು ಮಾಡಿಸುತ್ತ ವಾಸ್ತುವಿನವರು ಊರೂರು ತಿರುಗುತ್ತಿದ್ದ ಕಾಲ ಅದು. ಈತ ನಡುಮನೆಯ ಈಶಾನ್ಯ ಮೂಲೆಗೆ ಬೆರಳು ತೋರಿಸಿ, "ಇಲ್ಲಿ ನೀರಿರ್ಬೇಕು, ನೀರಲ್ಲಿ ಜೀವ ಓಡಾಡ್ತಿರ್ಬೇಕು. ಅದು ಓಡಾಡಿದ್ರೆ ಮನೇಲಿ ಮಗು ಓಡಾಡ್ತದೆ" ಎಂದು ಅಪ್ಪಣೆ ಕೊಡಿಸಿದ.

ಜೀವ ಅಂದರೆ ಮೀನು! ಲಿಂಗಪೂಜೆಯಿಲ್ಲದೆ ಬಾಯಿಗೆ ನೀರು ಹಾಕದ ಮನೆ, ಮೀನು ಎಂಬ ಮಾತು ಆಡಿದರೆ ಬಾಯಿ ಮುಕ್ಕಳಿಸುವ ಮನೆ. ಆದರೆ ಮೊಮ್ಮಗುವಿನ ಮುಂದೆ ಮಡಿ ಯಾವ ಲೆಕ್ಕ? ಅಜ್ಜಿ ಒಪ್ಪಿಕೊಂಡಳು. ಮಾವ ತುಮಕೂರಿಗೆ ಹೋಗಿ ಗಾಜಿನ ತೊಟ್ಟಿಯನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಒಂದು ಮರಿಯನ್ನೂ ತಂದ. ಅಂಗಡಿಯಲ್ಲಿದ್ದ ಚಿನ್ನದ ಬಣ್ಣದ ಮೀನುಗಳು ಅವನಿಗೆ ಹಿಡಿಸಲಿಲ್ಲವಂತೆ, "ಬಸುರಿ ಹೆಂಗಸರು ವಾಕಿಂಗ್ ಹೋದಂಗೆ ಓಡಾಡ್ತವೆ" ಎಂದ. ಇದಾದರೋ ಬೆರಳುದ್ದದ ಬೆಳ್ಳಿ ಬಣ್ಣದ ಮರಿ, ಒಂದು ಕ್ಷಣ ನಿಲ್ಲದೆ ಆ ತುದಿಯಿಂದ ಈ ತುದಿಗೆ ಶತಪಥ ಹಾಕುತ್ತಿತ್ತು. ಮಾವನಿಗೆ ತನ್ನವನು ಸಿಕ್ಕಂತಾಗಿರಬೇಕು. "ಇದು ಶಾರ್ಕ್ ಸಾರ್" ಎಂದನಂತೆ ಅಂಗಡಿಯವನು. "ತೊಟ್ಟಿ ಎಷ್ಟಿರುತ್ತೋ ಅಷ್ಟೇ ಬೆಳೆಯುತ್ತೆ, ಅದಕ್ಕೇ ಗೊತ್ತಾಗುತ್ತೆ!" ಮೀನು ತಿನ್ನುವವರು ಯಾರಾದರೂ ಜೊತೆಗಿದ್ದಿದ್ದರೆ ಅದರ ಮೀಸೆ ನೋಡಿದೊಡನೆ ನಕ್ಕುಬಿಡುತ್ತಿದ್ದರು. ನಮಗೇನು ಗೊತ್ತು ಮಣ್ಣು!

ಊಟದ ಪ್ರಶ್ನೆ ಬಂತು. ಅಂಗಡಿಯವನು ಒಣಗಿದ ಹುಳುವಿನ ಡಬ್ಬಿ ಕೊಟ್ಟಿದ್ದ. ಅಜ್ಜಿ ಅದನ್ನು ಕಡ್ಡಿಯಿಂದ ತಳ್ಳಿಕೊಂಡು ಹೋಗಿ ತಿಪ್ಪೆಗೆ ಎಸೆದಳು. "ಈ ಮನೇಲಿರೋದು ಈ ಮನೆ ಊಟಾನೇ ಮಾಡ್ಬೇಕು" ಎಂಬ ತೀರ್ಪು ಬಂತು. ಹಾಗಾಗಿ ಹಸುವಿಗೆ ನೆನೆಹಾಕಿದ ಕೊಬ್ಬರಿ ಹಿಂಡಿಯಲ್ಲಿ ಒಂದು ಹಿಡಿ ಬೆಳಗ್ಗೆ, ಅತ್ತೆ ಗೋಲಿಯಷ್ಟು ಗೋಲಿಯಷ್ಟು ಕಟ್ಟಿದ ರಾಗಿಮುದ್ದೆ ಸಂಜೆ. ಮೀನು ಒಂದನ್ನೂ ಬಿಡದೆ ನುಂಗುತ್ತಿತ್ತು. "ನನ್ ಕೈಯಡಿಗೆಗೆ ಉಪ್ಪು ಕಮ್ಮಿ ಖಾರ ಜಾಸ್ತಿ ಅನ್ದೇ ಇರೋದು ಈ ಮನೇಲಿ ಇದೊಂದೇ" ಎಂದರು ಅತ್ತೆ. ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟ ಅನ್ನುತ್ತಾರಲ್ಲ, ಇದು ಗಾಜು ಕಿತ್ತಿಡಲು ನಿಂತಿತು. ಗೇಣುದ್ದವಾಯಿತು, ಮಾವ ದೊಡ್ಡ ತೊಟ್ಟಿ ತಂದ. ಮೊಳದುದ್ದವಾಯಿತು, ಇನ್ನೂ ದೊಡ್ಡದು ತಂದ, ಸೋಫಾ ಹಿತ್ತಲಿಗೆ ಹೋಯಿತು. ಬೆಳಗ್ಗೆ ಎದ್ದೊಡನೆ ಮಾವ ಅಳತೆ ಟೇಪು ಹಿಡಿದು ಗಾಜಿನ ಮುಂದೆ ನಿಲ್ಲುತ್ತಿದ್ದ. "ನೋಡೇ ಮಗಾ, ನಮ್ ಸೀಮೇಲಿ ಕಣ್ಮುಂದೆ ಬೆಳೆಯೋದು ಅಂತ ಒಂದಾದ್ರೂ ಐತಲ್ಲ!" ಎನ್ನುವಾಗ ಅವನ ಮುಖ ನೋಡಬೇಕಿತ್ತು.

ಮೀನು ಅತ್ತ ಹೋದರೆ ಮಾವ ಇತ್ತ, ಮೀನು ಇತ್ತ ಬಂದರೆ ಮಾವ ಅತ್ತ. ಇಬ್ಬರೂ ದಿನವಿಡೀ ಓಡಾಡುವುದನ್ನು ನೋಡಿ ಬಂದ ನೆಂಟರ ಕತ್ತು ನೋಯುತ್ತಿತ್ತು. ಸಾಲದೆಂಬಂತೆ ಅದು ಮಹಾ ಪುಕ್ಕಲು. ಕುಕ್ಕರ್ ಸೀಟಿ ಹೊಡೆಯಿತೋ, ಗಾಬರಿಯಾಗಿ ಗಾಜಿಗೆ ತಲೆ ಚಚ್ಚಿಕೊಳ್ಳುತ್ತಿತ್ತು. ಅಂದಿನಿಂದ ಕುಕ್ಕರ್ ಬಂದ್. ಮಿಕ್ಸಿ ಬಂದ್, ಒರಳುಕಲ್ಲು ಚಾಲೂ. ಅಜ್ಜಿಗೆ ಸೀನು ಬಂದರೆ ಮೂಗು ಹಿಡಿದುಕೊಂಡು ಜಗಲಿಗೆ ಓಡಬೇಕು! ಮಗು ಹುಟ್ಟದೆಯೇ ಆ ಮನೆಯಲ್ಲಿ ಎಲ್ಲರೂ ತುದಿಗಾಲಲ್ಲಿ ನಡೆಯುವುದನ್ನು ಕಲಿತರು.

ಒಂದು ದಿನ ಹೊರಗೆ ಲಾರಿಯ ಹಾರನ್ನಿಗೆ ಬೆಚ್ಚಿ ಅದು ಎಗರಿದ ರಭಸಕ್ಕೆ ಅರ್ಧ ಬಕೆಟ್ ನೀರು ಟಿವಿಯ ಒಳಗೆ ಹೋಯಿತು. ರಿಪೇರಿಗೆ ಬಂದವನು ಟಿವಿ ಬಿಟ್ಟು ಮೀನನ್ನೇ ನೋಡುತ್ತ ನಿಂತ. ಇದು ಶಾರ್ಕು ಎಂದು ಮಾವ ಹೆಮ್ಮೆಯಿಂದ ಪರಿಚಯಿಸಿದ. ಅವನ ಗಂಟಲು ಒಂದು ಸಲ ಮೇಲೆ ಕೆಳಗೆ ಆಯಿತು.

"ಅಮ್ಮೋರೇ, ಹಬ್ಬ ಯಾವತ್ತು?"

"ಯಾವ್ ಹಬ್ಬಾನಪ್ಪ?" ಎಂದರು ಅತ್ತೆ.

"ಅಲ್ಲ, ಇದನ್ನ ಕುಯ್ಯೋದು ಯಾವತ್ತು ಅಂತ. ಶಾರ್ಕೂ ಇಲ್ಲ ಗೀರ್ಕೂ ಇಲ್ಲ, ಕ್ಯಾಟ್‌ಫಿಶ್ ಕಣ್ರೀ ಇದು. ಸಂತೇಲಿ ತೂಕ ಹಾಕಿ ಕೊಡ್ತಾರೆ. ಇನ್ನೂ ಇದರ ಎರಡರಷ್ಟು ಆಯ್ತದೆ."

ಅಜ್ಜಿ ಕೂತಲ್ಲೇ ಶಿವ ಶಿವಾ ಎಂದಳು. ಊರಿಗೆ ಸುದ್ದಿ ಹಬ್ಬಲು ಎಷ್ಟು ಹೊತ್ತು? ಮೀನು ತಿನ್ನದವರ ಮನೆಯಲ್ಲಿ ಸಾರಿನ ಮೀನು ಕೊಬ್ಬಿದೆಯೆಂದು ತಿಳಿದು ಜನ ಸಾಲುಗಟ್ಟಿ ಬಂದರು. ಎಲ್ಲರೂ ಉಪಕಾರ ಮಾಡುವವರೇ! "ನಿಮಗ್ಯಾಕೆ ತೊಂದ್ರೆ, ನಾನ್ ತಗೊಂಡೋಗಿ ಸಾಕ್ತೀನಿ" ಎನ್ನುವವರ ಕೈಯಲ್ಲಿ ಆಗಲೇ ಚೀಲ ಇರುತ್ತಿತ್ತು. ಹಿತ್ತಲಲ್ಲಿ ಸಿಮೆಂಟಿನ ದೊಡ್ಡ ತೊಟ್ಟಿಯಿತ್ತು, ಆದರೆ ಅದು ಪೂಜೆಯ ನೀರಿನ ತೊಟ್ಟಿ. ಅಲ್ಲಿಗೆ ಬಿಡುವ ಮಾತೆತ್ತಿದರೆ ಅಜ್ಜಿ ಉಪವಾಸ ಕೂರುವುದಾಗಿ ಹೇಳಿದಳು.

ಇಷ್ಟರವರೆಗೆ ನಗುತ್ತಿದ್ದ ನಾನು ಆಮೇಲೆ ನಗುವುದನ್ನು ನಿಲ್ಲಿಸಿದೆ. ಅಜ್ಜಿಗೆ ವಾಸ್ತುವಿನ ಮೇಲೆ ನಂಬಿಕೆ ಹೋಗಿತ್ತು. "ಕೇಳಿದ್ದು ಮೊಮ್ಮಗೀನ, ಬೆಳೆದಿದ್ದು ಇದು" ಎಂದು ಗೊಣಗುತ್ತಲೇ ಮಾವನಿಗೆ ಎರಡನೇ ಮದುವೆಯ ಮಾತು ತೆಗೆದಳು. ಶೆಟ್ಟಿಕೆರೆಯಲ್ಲಿ ಒಂದು ಹೆಣ್ಣಿದೆಯಂತೆ, ಬಡವರಂತೆ, ಎರಡನೇದಾದರೂ ಕೊಡುತ್ತಾರಂತೆ. ಕಾನೂನು? ಅದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ. ಅವರು ಮನೆ ನೋಡಲು ಭಾನುವಾರ ಬರುತ್ತಾರೆ, ಅಷ್ಟರೊಳಗೆ ಮೀನು ಮನೆಯಿಂದ ಆಚೆ ಹೋಗಬೇಕು ಎಂದು ಅಜ್ಜಿ ಕಟ್ಟಪ್ಪಣೆ ಮಾಡಿದಳು.

ಮಾವ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ನಡುಮನೆಯಿಂದ ಹಿತ್ತಲಿಗೆ, ಹಿತ್ತಲಿಂದ ನಡುಮನೆಗೆ ತಿರುಗಿದ. "ಮಾವ, ಏನಾದ್ರೂ ಹೇಳು" ಎಂದು ನಾನು ಬೆನ್ನು ಬಿದ್ದರೆ, "ತಡಿಯೇ, ತಲೆ ತಿರುಗ್ತೈತೆ" ಎನ್ನುತ್ತಿದ್ದ. ಅಷ್ಟು ತಿರುಗಿದರೆ ತಲೆ ತಿರುಗದೆ ಇರುತ್ತದೆಯೇ! ನನಗೆ ನಿಜವಾಗಿ ಹೆದರಿಕೆಯಾದದ್ದು ಅತ್ತೆಯನ್ನು ನೋಡಿ. ಆ ಚುರುಕು ನಾಲಿಗೆ ಪೂರ್ತಿ ಸುಮ್ಮನಾಗಿತ್ತು. ಅಡುಗೆ ಮಾಡುತ್ತಿದ್ದರು, ಬಡಿಸುತ್ತಿದ್ದರು, ಮೀನಿಗೂ ಮುದ್ದೆ ಕಟ್ಟುತ್ತಿದ್ದರು. ಮೂರೇ ತಿಂಗಳಿಗೆ ಎಲ್ಲವನ್ನೂ ಕೈಬಿಡುವ ಮನುಷ್ಯ ತನ್ನನ್ನೂ ಬಿಟ್ಟಾನೆಯೇ ಎಂದು ಅವರು ಯೋಚಿಸುತ್ತಿದ್ದುದು ಅವರ ಬೆನ್ನು ನೋಡಿದರೇ ತಿಳಿಯುತ್ತಿತ್ತು.

ಶನಿವಾರ ಬೆಳಗ್ಗೆ ಲಗೇಜ್ ಆಟೊ ಬಂತು. ಮೀನನ್ನು ಬೋರನಕಣಿವೆಯ ಡ್ಯಾಮಿಗೆ ಬಿಡುವುದೆಂದು ಮಾವ ತೀರ್ಮಾನಿಸಿದ್ದ. ನೀಲಿ ಡ್ರಮ್ಮಿನಲ್ಲಿ ಮೀನು, ಡ್ರಮ್ಮಿನ ಆ ಕಡೆ ಮಾವ, ಈ ಕಡೆ ನಾನು. ಆಟೊ ಹಳ್ಳಕ್ಕೆ ಇಳಿದಾಗಲೆಲ್ಲ ಒಂದೊಂದು ಚೊಂಬಿನಷ್ಟು ನೀರು ನನ್ನ ಚೂಡಿದಾರದ ಮೇಲೆ. ಶೆಟ್ಟಿಕೆರೆ ದಾಟುವಾಗ ಬಸ್ ಸ್ಟಾಪಿನಲ್ಲಿ ಹೆಣ್ಣಿನ ಕಡೆಯವರು ಯಾರಾದರೂ ಇರಬಹುದೆಂದು ಹೆದರಿ ಮಾವ ತಲೆಯನ್ನು ಡ್ರಮ್ಮಿನೊಳಗೇ ಬಗ್ಗಿಸಿಬಿಟ್ಟ. ಊರು ದಾಟಿದ ಮೇಲೆ ಎತ್ತಿದ, ಮೀಸೆಯಿಂದ ನೀರು ಸುರಿಯುತ್ತಿತ್ತು. ಒಳಗೊಂದು ಮೀಸೆ, ಹೊರಗೊಂದು ಮೀಸೆ! ನಾನು ನಕ್ಕೆ. ಅವನು ನಗಲಿಲ್ಲ.

ಡ್ಯಾಮಿನ ದಡದಲ್ಲಿ ಒಬ್ಬ ಮೀನು ಹಿಡಿಯುವವನು ಬಲೆ ಬಿಡಿಸುತ್ತ ಕೂತಿದ್ದ. ಡ್ರಮ್ಮು ಇಣುಕಿ ನೋಡಿ ಅವನಿಗೆ ಖುಷಿಯೋ ಖುಷಿ.

"ಬುಡಿ ಸ್ವಾಮಿ, ಬುಡಿ! ನಾಳಿಕ್ಕೆ ನಮ್ ಬಲೇಗೇ ಬತ್ತದೆ."

"ಇಷ್ಟ್ ದೊಡ್ಡ ನೀರಲ್ಲಿ ನಿನ್ ಬಲೆಗೇ ಯಾಕಪ್ಪ ಬತ್ತದೆ? ತಪ್ಪಿಸ್ಕಂತದೆ ಬುಡು" ಎಂದ ಮಾವ.

"ಸಾಕಿದ್ ಮೀನು ಎಲ್ಲಿಗೆ ಓಡ್ತದೆ ಸ್ವಾಮಿ? ದಡದಲ್ಲಿ ಮನುಷ್ಯ ನಿಂತ್ರೆ ಊಟ ಹಾಕಕ್ಕೆ ಬಂದವ್ನೆ ಅಂತ ತಾನೇ ಹತ್ರಕ್ಕೆ ಬತ್ತದೆ."

ಮಾವ ಡ್ರಮ್ಮಿನ ಅಂಚು ಹಿಡಿದುಕೊಂಡು ನಿಂತುಬಿಟ್ಟ. ಒಳಗೆ ಮೀನಿಗೆ ತಿರುಗಲೂ ಜಾಗವಿರಲಿಲ್ಲ, ಬಾಯಿ ಮೇಲೆತ್ತಿಕೊಂಡು ಅವನನ್ನೇ ನೋಡುತ್ತಿತ್ತು. ಮುದ್ದೆಯ ಹೊತ್ತಾಯಿತೆಂದುಕೊಂಡಿತೋ ಏನೋ! ಮೀನಿನವನು ಕಾಳುಮೆಣಸು ಅರೆದು ಸಾರು ಮಾಡುವ ಕ್ರಮವನ್ನು ವಿವರಿಸುತ್ತಲೇ ಇದ್ದ. ಬಹಳ ಹೊತ್ತಿನ ಮೇಲೆ ಮಾವ ಡ್ಯಾಮಿನ ನೀರನ್ನೇ ಮೊಗೆದು ಡ್ರಮ್ಮಿಗೆ ತುಂಬಿ, ಆಟೊದವನಿಗೆ "ತಿರುಗ್ಸಪ್ಪ" ಎಂದ. ಶೆಟ್ಟಿಕೆರೆ ಬಂದಾಗ ಈ ಸಲ ತಲೆ ಬಗ್ಗಿಸಲೂ ಇಲ್ಲ.

ಮನೆ ಮುಟ್ಟಿದಾಗ ಸಂಜೆಯಾಗಿತ್ತು. ಜಗಲಿಯ ಮೇಲೆ ಅಜ್ಜಿ, ಬಾಗಿಲಲ್ಲಿ ಅತ್ತೆ.

"ಬಿಟ್ ಬಂದ್ಯೇನ್ಲಾ?" ಅಜ್ಜಿ ಕೇಳಿ ಬಾಯಿ ಮುಚ್ಚುವುದರೊಳಗೆ ಡ್ರಮ್ಮು ಧಡ್ ಎಂದಿತು.

"ಇಲ್ಲ ಕಣವ್ವ. ಬಿಡಕ್ಕಾಗ್ಲಿಲ್ಲ" ಎಂದ ಮಾವ. "ನಾನೇ ಕರ್ಕೊಂಡ್ ಬಂದಿದ್ದು. ನಮ್ಮನೆ ಅನ್ನಕ್ಕೆ ಹೊಂದ್ಕೊಂಡು ಐತೆ. ಈಗ ಹಿಂಗಾಯ್ತು ಹಂಗಾಯ್ತು ಅಂತ ಬಿಟ್ರೆ ಅದು ಎಲ್ಲಿಗೆ ಹೋಗ್ತದೆ? ಒಂದ್ ಮೀನನ್ನೇ ಬಿಡಕ್ಕಾಗ್ಲಿಲ್ಲ ನನ್ ಕೈಲಿ, ಇನ್ನು ಅವಳನ್ನ..." ಬಾಗಿಲಲ್ಲಿದ್ದ ಅತ್ತೆಯ ಕಡೆ ಒಮ್ಮೆ ನೋಡಿ, ಮತ್ತೆ ಅಜ್ಜಿಯತ್ತ ತಿರುಗಿ, "ಶೆಟ್ಟಿಕೆರೆಯೋರ್ಗೆ ಬರಬ್ಯಾಡಿ ಅಂತ ಹೇಳ್ಕಳ್ಸು. ಮಗು ಇಲ್ದಿದ್ರೆ ಬ್ಯಾಡ ಬುಡು" ಎಂದ.

ಅಜ್ಜಿ ಮಗನ ಮುಖವನ್ನೇ ನೋಡುತ್ತ ಕೂತಳು. ಕೊನೆಗೆ ಅತ್ತೆ ಮೆಟ್ಟಿಲಿಳಿದು ಬಂದರು. ಎಷ್ಟೋ ದಿನದ ಮೇಲೆ ಅವರ ಬಾಯಿಂದ ಮಾತು ಬಂತು. "ಮೊದ್ಲು ಅದನ್ನ ಇಳಿಸ್ರೀ. ಬಿಸಿಲಲ್ಲಿ ನೀರು ಕಾದಿರ್ತದೆ, ಸತ್ತೋದೀತು. ಹಿತ್ತಲ ತೊಟ್ಟಿಗೆ ಬಿಡಿ, ಪೂಜೆ ನೀರು ನಾನ್ ಬಾವಿಯಿಂದ ತತ್ತೀನಿ."

ಸುಪ್ರೀಂ ಕೋರ್ಟು ತೀರ್ಪು ಕೊಡಲಿಲ್ಲ. ನಾವು ಡ್ರಮ್ಮಿನಿಂದ ಮೀನನ್ನು ಎತ್ತಲು ಒದ್ದಾಡುವುದನ್ನು ನೋಡಿ, "ಬಾಲದ ಕಡೆ ಯಾರಾರ ಹಿಡ್ಕೊಳ್ರೋ, ಜಾರ್ತೈತೆ!" ಎಂದು ಮಾತ್ರ ಕೂಗಿದಳು. ಹುಟ್ಟಿದಾರಭ್ಯ ಮೀನು ಮುಟ್ಟದ ಅತ್ತೆ ಸೆರಗು ಸಿಕ್ಕಿಸಿ ಬಾಲ ಹಿಡಿದರು. ತೊಟ್ಟಿಗೆ ಬಿದ್ದೊಡನೆ ಮೀನು ಒಮ್ಮೆ ಬೀಸಿ ಹೊಡೆದು ಅವರ ಮುಖಕ್ಕೆ ನೀರು ಎರಚಿ ತಳಕ್ಕೆ ಹೋಯಿತು. ಅತ್ತೆ ಮುಖ ಒರೆಸಿಕೊಂಡರು. ಮತ್ತೆ ಒರೆಸಿಕೊಂಡರು. ಅಷ್ಟು ನೀರೇನೂ ಬಿದ್ದಿರಲಿಲ್ಲ. ಮಾವ ಹೆಗಲ ಮೇಲಿದ್ದ ಟವಲ್ಲು ತೆಗೆದು ಕೊಟ್ಟ. ಅದು ಬೆಳಗಿನಿಂದ ನೆನೆದು ಮೀನಿನ ವಾಸನೆ ಹೊಡೆಯುತ್ತಿತ್ತು. ಅತ್ತೆ ಅದನ್ನೇ ಎರಡೂ ಕೈಯಲ್ಲಿ ಮುಖಕ್ಕೆ ಒತ್ತಿಕೊಂಡು ಬಹಳ ಹೊತ್ತು ನಿಂತಿದ್ದರು.