ಕಣ್ಣಿನವರು ಅಲ್ಲಿ, ಕಿವಿಯವರು ಇಲ್ಲಿ

ಯಲ್ಲಾಪುರದ ನಮ್ಮ ನೌಕರರ ವಸತಿಗೃಹಗಳಲ್ಲಿ ಪ್ರತಿ ಭಾನುವಾರ ಮಧ್ಯಾಹ್ನ ಸಿನಿಮಾ ತೋರಿಸುವ ಹೊಣೆಯನ್ನು ನಿವಾಸಿಗಳ ಸಂಘವು ನನಗೆ ವಹಿಸಿತು. ಆಯ್ಕೆ ಯೋಗ್ಯವಾಗಿಯೇ ಇತ್ತು. ಕಚೇರಿಯ ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದವನ್ನು ಹರಿಯದಂತೆ ಎಳೆದು ತೆಗೆದವನು ನಾನು. ಅಂದಿನಿಂದ ನನ್ನನ್ನು ತಾಂತ್ರಿಕ ಪರಿಣತನೆಂದು ಪರಿಗಣಿಸಲಾಗಿತ್ತು. ಹಾಗೆ ಪರಿಗಣಿಸಿದವರಲ್ಲಿ ನಾನೇ ಮೊದಲಿಗ.

ಮೊದಲ ಭಾನುವಾರ ನಮ್ಮ ಮನೆಯ ಹಾಲ್ ಜನರಿಂದ ತುಂಬಿತು. ಲ್ಯಾಪ್‌ಟಾಪಿನಿಂದ ಟೀವಿಗೆ ಸಿನಿಮಾ ಕಳಿಸಲು ಈಗ ತಂತಿ ಬೇಡ, ಗಾಳಿಯಲ್ಲೇ ಹೋಗುತ್ತದೆ ಎಂದು ಸಣ್ಣ ಭಾಷಣ ಮಾಡಿ, ಪರದೆಯ ಮೇಲೆ ಕಂಡ ಒಂದು ಟೀವಿಯ ಹೆಸರನ್ನು ಒತ್ತಿದೆ. ಲ್ಯಾಪ್‌ಟಾಪಿನ ಪರದೆ ಕಪ್ಪಾಯಿತು. ಅದರೊಳಗಿಂದ ಹಾಡು ಕೇಳಿಸಿತು. ನಮ್ಮ ಟೀವಿಯೂ ಕಪ್ಪಗೇ ಇತ್ತು.

“ಪಿಚ್ಚರ್ ಎಲ್ಲಿದ್ದು?” ಎಂದು ನನ್ನ ಹೆಂಡತಿ ತನುಜಾ ಕೇಳಿದಳು.

“ದಾರಿಯಲ್ಲಿದ್ದು,” ಎಂದೆ.

ಅಷ್ಟರಲ್ಲಿ ಪಕ್ಕದ ಮನೆಯ ಮಡಿವಾಳಪ್ಪನವರು ಬಾಗಿಲಿಗೆ ಬಂದರು. ಬನವಾಸಿ ಕಡೆಯವರು, ಬಹಳ ಸಂಭಾವಿತರು. “ಸರ, ನಮ್ಮ ಟೀವ್ಯಾಗ ಯಾರೋ ಇಬ್ರು ಹಾಡಾಕತ್ತಾರ್ರಿ, ದನಿ ಇಲ್ಲ. ನಿಮ್ಮವರೇನ್ರಿ?”

ಪರಿಶೀಲಿಸಲಾಗಿ, ಚಿತ್ರವು ಗೋಡೆ ದಾಟಿ ಅವರ ಟೀವಿಗೆ ಹೋಗಿರುವುದೂ ಧ್ವನಿ ನಮ್ಮಲ್ಲೇ ಉಳಿದಿರುವುದೂ ಕಂಡುಬಂತು. ತಪ್ಪಾಯಿತು ಎಂಬ ಮಾತು ನನ್ನ ಬಾಯಿಗೆ ಬರಲಿಲ್ಲ. “ಇದು ಹೊಸ ವ್ಯವಸ್ಥೆ. ನೋಡುವವರು ಅಲ್ಲಿ, ಕೇಳುವವರು ಇಲ್ಲಿ. ನೂಕುನುಗ್ಗಲು ತಪ್ಪುತ್ತದೆ,” ಎಂದೆ.

ಯಾರೂ ನಗಲಿಲ್ಲ. ಒಂದು ಕೆಲಸಕ್ಕೆ ಎರಡು ಕಡೆ ಹೋಗುವುದು ನಮ್ಮ ನೌಕರರಿಗೆ ಅಸಹಜವಲ್ಲ. ಅರ್ಧ ಜನ ಎದ್ದು ಹೊರಟರು.

“ಇಬ್ರೂ ಒಟ್ಟಿಗೆ ಕೂತು ಒಂದ್ ಪಿಚ್ಚರ್ ನೋಡನ ಹೇಳಿ ಆಸೆ ಇತ್ತು,” ಎಂದು ತನುಜಾ ಮೆಲ್ಲಗೆ ಹೇಳಿ, ಅವರ ಹಿಂದೆ ಹೋದಳು.

ಮರುದಿನ ಸಂಘದ ಪ್ರಕಟಣೆ ಹೊರಬಿತ್ತು: “ಕಣ್ಣಿನ ಪ್ರೇಕ್ಷಕರು ಮಡಿವಾಳಪ್ಪನವರ ಮನೆಯಲ್ಲೂ ಕಿವಿಯ ಪ್ರೇಕ್ಷಕರು ಅದರ ಪಕ್ಕದ ಮನೆಯಲ್ಲೂ ಆಸೀನರಾಗತಕ್ಕದ್ದು. ಮಧ್ಯಂತರದಲ್ಲಿ ಪರಸ್ಪರ ಮಾಹಿತಿ ವಿನಿಮಯಕ್ಕೆ ಅವಕಾಶವಿದೆ. ಎರಡನ್ನೂ ಏಕಕಾಲಕ್ಕೆ ಬಯಸುವವರು ಅಧ್ಯಕ್ಷರ ಪೂರ್ವಾನುಮತಿ ಪಡೆಯುವುದು.”

ಆಚೆ ಮನೆಯಲ್ಲಿ ಮಾತಿನ ಕೊರತೆಯನ್ನು ಮಡಿವಾಳಪ್ಪನವರ ತಾಯಿ ಪಾರ್ವತವ್ವ ನೀಗಿಸಿದರು. ನಾಯಕ ನಾಯಕಿಯ ಕೈ ಹಿಡಿದರೆ, “ಹೊಲದ ಪಾಲು ಕೇಳಾಕತ್ತಾನ, ಕೊಡಬ್ಯಾಡವಾ,” ಎನ್ನುತ್ತಿದ್ದರು. ನಮ್ಮಲ್ಲಿ ಶಿಕ್ಷಕಿ ರಾಜೀವಿ ಮೇಡಂ, ಬಾಗಿಲು ಕಿರುಗುಟ್ಟಿದರೆ ಒಬ್ಬರು ಸತ್ತರೆಂದು ತೀರ್ಮಾನಿಸುತ್ತಿದ್ದರು. ಮಧ್ಯಂತರದಲ್ಲಿ ಅಂಗಳದಲ್ಲಿ ಸೇರಿದಾಗ, ನಮ್ಮ ಕಡೆ ತೀರಿಕೊಂಡ ನಾಯಕ ಅವರ ಕಡೆ ಪಾಲು ತೆಗೆದುಕೊಂಡು ಹಾವೇರಿಗೆ ಹೋಗಿರುತ್ತಿದ್ದ. ಎರಡೂ ಪಕ್ಷಕ್ಕೆ ಸಮರ್ಥಕರಿದ್ದರು.

ನನಗೆ ಮಾತ್ರ ಆ ಗೋಡೆ ಕಷ್ಟವಾಗತೊಡಗಿತು. ಆಚೆಯಿಂದ ತನುಜಾಳ ನಗು ಕೇಳುತ್ತಿತ್ತು. ಅದೇ ಹೊತ್ತಿಗೆ ನಮ್ಮ ಲ್ಯಾಪ್‌ಟಾಪಿನಲ್ಲಿ ಬರೀ ಮಳೆಯ ಸದ್ದು. ಅವಳು ಏನನ್ನು ಕಂಡು ನಗುತ್ತಾಳೆಂದು ತಿಳಿಯದೆ, ಕೊನೆಗೆ ಸಿರ್ಸಿಗೆ ಹೋಗಿ ಲ್ಯಾಪ್‌ಟಾಪನ್ನು ಟೀವಿಗೆ ಜೋಡಿಸುವ ಕೇಬಲ್ ತಂದೆ.

ಮುಂದಿನ ಭಾನುವಾರ ಎಲ್ಲರನ್ನೂ ನಮ್ಮ ಮನೆಗೇ ಕರೆದು ಕೇಬಲ್ ಚುಚ್ಚಿದೆ. ನಮ್ಮ ಟೀವಿಯಲ್ಲಿ ಚಿತ್ರವೂ ಧ್ವನಿಯೂ ಕೂಡಿ ಬಂದವು. ಚಪ್ಪಾಳೆಗೆ ಕಾದೆ.

“ಇವ ಹಿಂಗ ಮಾತಾಡ್ತಾನೇನು? ನಾ ಇದಕ್ಕಿಂತ ಚಲೋ ಆಡಸ್ತಿದ್ದೆ,” ಎಂದರು ಪಾರ್ವತವ್ವ.

“ನಾವು ಕೇಳಿದ ಹೀರೋ ಈತನಲ್ಲ. ಅವನು ಎತ್ತರ ಇದ್ದ,” ಎಂದರು ರಾಜೀವಿ ಮೇಡಂ.

ಅಲ್ಲೇ ತುರ್ತು ಸಭೆ ಸೇರಿತು. ಚಿತ್ರ ಮತ್ತು ಧ್ವನಿಗಳ ಅನಧಿಕೃತ ಸಂಯೋಜನೆಯಿಂದ ನಿವಾಸಿಗಳ ಕಲ್ಪನಾಶಕ್ತಿಗೆ ಧಕ್ಕೆಯಾಗಿದೆಯೆಂದು ದಾಖಲಿಸಿ, ಕೇಬಲನ್ನು ಅಧ್ಯಕ್ಷರ ವಶಕ್ಕೆ ಒಪ್ಪಿಸಲು ಠರಾವು ಮಂಡಿಸಲಾಯಿತು. ನಾನು ತನುಜಾಳತ್ತ ನೋಡಿದೆ. ಅವಳು ಕೈ ಎತ್ತಿದ್ದಳು. ಒಬ್ಬನಿಂದ ಸರ್ವಾನುಮತ ತಪ್ಪಬಾರದೆಂದು ನಾನೂ ಎತ್ತಿದೆ.

ಈಗ ಭಾನುವಾರ ಸಂಜೆ ಚಾ ಕುಡಿಯುತ್ತ ಅವಳು ಕಂಡದ್ದನ್ನು ಹೇಳುತ್ತಾಳೆ, ನಾನು ಕೇಳಿದ್ದನ್ನು ಹೇಳುತ್ತೇನೆ. ಎರಡೂ ಒಂದೇ ಸಿನಿಮಾ ಎಂದು ನಮಗೆ ಈವರೆಗೆ ಅನ್ನಿಸಿಲ್ಲ.