ಮಾದಿಹಳ್ಳಿಯ ಆಕಾಶದಲ್ಲೊಂದು ಡಿಕ್ಕಿ

ಆಕಾಶದಲ್ಲಿ ಎಲ್ಲೋ ಎರಡು ವಿಮಾನ ಡಿಕ್ಕಿಯಾದವೆಂದು ಟಿ.ವಿ.ಯಲ್ಲಿ ಸುದ್ದಿ ಬಂದರೆ ಸಾಕು, ತನಿಖೆಯವರು ಮನೆ ಬಿಡುವ ಮೊದಲೇ ನಮ್ಮ ಅರಸೀಕೆರೆಯಲ್ಲಿ ಕಾರಣ ಸಿದ್ಧವಾಗಿರುತ್ತದೆ. ನಾನು ದಿನಾ ಬೆಳಿಗ್ಗೆ ಹೋಗುವ ಹೋಟೆಲಿನ ಮೂಲೆಯ ಮೇಜಿನಲ್ಲಿ ಐದು ಜನ ಕೂರುತ್ತೇವೆ. ಐವರಲ್ಲಿ ಒಬ್ಬರೂ ವಿಮಾನ ಹತ್ತಿದವರಲ್ಲ. ಆದರೂ ಎರಡು ಇಡ್ಲಿ ಮುಗಿಯುವುದರೊಳಗೆ ಪೈಲಟ್ ಎಲ್ಲಿ ಎಡವಿದ, ಅವನ ಜಾಗದಲ್ಲಿ ನಾವಿದ್ದರೆ ಯಾವ ಕಡೆಗೆ ತಿರುಗಿಸುತ್ತಿದ್ದೆವು ಎಂಬುದೆಲ್ಲ ತೀರ್ಮಾನವಾಗಿಬಿಡುತ್ತದೆ. ಈ ವಿಷಯದಲ್ಲಿ ನನ್ನ ಮಾತಿಗೆ ಸ್ವಲ್ಪ ತೂಕ ಹೆಚ್ಚು, ಏಕೆಂದರೆ ನಾನು ರಿಟೈರ್ಡ್ ಸ್ಟೇಷನ್ ಮಾಸ್ಟರ್. "ಒಂದು ಲೈನಿಗೆ ಒಂದೇ ಗಾಡಿ ಕಣ್ರೀ. ಅದು ಮುಂದಿನ ಸ್ಟೇಷನ್ ಮುಟ್ಟಿ ಲೈನ್ ಕ್ಲಿಯರ್ ಅಂದ ಮೇಲೇನೇ ಇನ್ನೊಂದು. ಇಷ್ಟು ಗೊತ್ತಿಲ್ದೆ ಇವರು ಆಕಾಶಕ್ಕೆ ಯಾಕೆ ಹೋಗ್ತಾರೆ?" ಎಂದು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಇಡೀ ನೌಕರಿಯಲ್ಲಿ ನನ್ನ ಕೈಕೆಳಗೆ ಎರಡು ಗಾಡಿ ಮುಖಾಮುಖಿಯಾಗಿಲ್ಲ ಎಂಬ ಜಂಬ ನನಗಿತ್ತು. ಇತ್ತು ಎಂದೆ, ಗಮನಿಸಿ.

ಆ ಜಂಬ ಇಳಿದದ್ದು ನನ್ನ ಅಣ್ಣನ ಮಗಳು ಗೌರಿಯ ಮದುವೆಯಲ್ಲಿ. ನಮ್ಮದು ಕೊಬ್ಬರಿ ವ್ಯಾಪಾರದ ಮನೆತನ. ಅಣ್ಣ ಮಂಡಿಯಲ್ಲಿ ಕೂತ, ನಾನು ಹಸಿರು ಬಾವುಟ ಹಿಡಿದೆ. ನನಗೆ ಮಕ್ಕಳಿಲ್ಲ. ಗೌರಿ ನಡೆಯಲು ಕಲಿತದ್ದೇ ನನ್ನ ಬೆರಳು ಹಿಡಿದು, ಪ್ಲಾಟ್‌ಫಾರಂ ಮೇಲೆ. ನಾನು ಬಾವುಟ ಬೀಸಿದರೆ ಪಕ್ಕದಲ್ಲಿ ನಿಂತು ಅವಳೂ ಕರ್ಚೀಫು ಬೀಸುತ್ತಿದ್ದಳು, ತಾನೇ ಗಾಡಿ ಬಿಟ್ಟವಳ ಹಾಗೆ. ಬೀಗರು ಬೇಲೂರಿನ ಜವಳಿ ಅಂಗಡಿಯ ರುದ್ರಪ್ಪನವರು. ಬಹಳ ಮರ್ಯಾದಸ್ಥರು, ನಾವೂ ಕಡಿಮೆಯಿಲ್ಲ. ಮದುವೆ ಯಾವ ಊರಲ್ಲಿ ಎಂಬುದಕ್ಕೇ "ನಿಮ್ಮೂರಲ್ಲೇ ಆಗಲಿ", "ಛೆ ಛೆ, ನಿಮ್ಮೂರಲ್ಲೇ ಆಗಬೇಕು" ಎಂದು ಎರಡು ತಿಂಗಳು ಉಪಚಾರ ನಡೆದು, ಕೊನೆಗೆ ಯಾರ ಊರೂ ಅಲ್ಲದ ಮಾದಿಹಳ್ಳಿಯಲ್ಲಿ, ಪರಿಚಯದವರೊಬ್ಬರ ತೆಂಗಿನ ತೋಟದ ಬಯಲಿನಲ್ಲಿ ಎಂದಾಯಿತು. ಇಷ್ಟೆಲ್ಲ ಮಾತಾಡಿಕೊಂಡವರು ಒಂದನ್ನು ಮಾತ್ರ ಮರೆತರು. ಮೇಲಿನಿಂದ ವಿಡಿಯೋ ತೆಗೆಯಲು ನಮ್ಮ ಕಡೆಯಿಂದ ಒಂದು ಡ್ರೋನ್ ಬಂತು, ಅವರ ಕಡೆಯಿಂದಲೂ ಒಂದು ಬಂತು.

"ಒಂದನ್ನ ವಾಪಸ್ ಕಳಿಸಿದ್ರೆ ಯಾರಿಗಾದ್ರೂ ಬೇಜಾರಾಗುತ್ತೆ. ನಿನಗೆ ಗಾಡಿ ಬಿಟ್ಟು ಅಭ್ಯಾಸ, ಆಕಾಶದ್ದೆಲ್ಲ ನೀನೇ ನೋಡ್ಕೋ" ಎಂದ ಅಣ್ಣ. ಎದೆಯುಬ್ಬಿಸಿಕೊಂಡು ಒಪ್ಪಿದೆ. ಇಬ್ಬರು ಕ್ಯಾಮೆರಾದವರಿಗೂ ಬೇಕಾಗಿದ್ದುದು ಒಂದೇ ನೋಟ: ತಾಳಿ ಕಟ್ಟುವ ಗಳಿಗೆ, ಮಂಟಪದ ನೆತ್ತಿಯ ಮೇಲಿಂದ. ಬಯಲಿನ ಆ ತುದಿಯಲ್ಲಿದ್ದ ಬೇಲೂರಿನವನ ಹತ್ತಿರ ಹೋಗಿ, "ಗಂಡಿನ ಕಡೆಯವರು ನೀವು, ಮೊದಲು ನಿಮ್ಮದೇ. ನಾನು ಶಲ್ಯ ಬೀಸ್ತೀನಿ, ಆಗ ಬನ್ನಿ" ಎಂದೆ. ಅವನ ಮುಖ ಅರಳಿತು. ಈ ತುದಿಯಲ್ಲಿ ನಮ್ಮವನು ಮುಖ ಸಣ್ಣ ಮಾಡಿಕೊಂಡಿದ್ದ. ಪಾಪ ಅನ್ನಿಸಿತು. "ಯಾರಿಗೂ ಹೇಳಬೇಡಪ್ಪ, ಮೊದಲು ನಿಂದೇ. ನಾನು ಶಲ್ಯ ಬೀಸ್ತೀನಿ, ಆಗ ಬಾ" ಎಂದುಬಿಟ್ಟೆ. ಒಮ್ಮೆ ಆ ಕಡೆಗೆ, ಎರಡು ನಿಮಿಷ ಬಿಟ್ಟು ಒಮ್ಮೆ ಈ ಕಡೆಗೆ ಬೀಸಿದರಾಯಿತು, ತಾಳಿ ನೋಡುವುದು ಬಿಟ್ಟು ಆಕಾಶ ನೋಡುವವರು ಯಾರಿದ್ದಾರೆ ಎಂದು ನನ್ನ ಲೆಕ್ಕಾಚಾರ.

ಲೆಕ್ಕಾಚಾರ ಸರಿಯಾಗಿಯೇ ಇತ್ತು. ಆದರೆ ಮಂಗಳವಾದ್ಯ ಜೋರಾಯಿತು, ಮದುವೆ ಮಾಡಿಸುತ್ತಿದ್ದ ಅಯ್ಯನವರು ಕೈ ಎತ್ತಿದರು, ಗೌರಿ ತಲೆ ಬಗ್ಗಿಸಿದಳು. ಆ ಬಗ್ಗಿದ ತಲೆ ನೋಡಿ ನನಗೆ ಏನಾಯಿತೋ ಗೊತ್ತಿಲ್ಲ. ಕರ್ಚೀಫು ಬೀಸುತ್ತಿದ್ದ ಹುಡುಗಿ ಇವಳೇ ಅಲ್ಲವೇ ಎನ್ನಿಸಿತು. ಸಂತೋಷ ತಡೆಯಲಾರದೆ ಶಲ್ಯವನ್ನು ಎರಡೂ ಕೈಯಲ್ಲಿ ಹಿಡಿದು ತಲೆಯ ಮೇಲೆ ಗಿರಗಿರನೆ ಬೀಸಿದೆ. ಎರಡೂ ಡ್ರೋನ್ ಒಟ್ಟಿಗೇ ಬಂದವು. ಮಂಟಪದಿಂದ ತುಸು ಆಚೆಗೆ, ನನ್ನ ತಲೆಯ ಮೇಲೆ ಆಕಾಶದಲ್ಲಿ ಟಪ್ ಎಂದಿತು. ಒಂದು ಹುಲ್ಲಿನ ಬಣವೆಗೆ ಬಿತ್ತು, ಇನ್ನೊಂದು ತೆಂಗಿನ ಮರದ ಸುಳಿಯಲ್ಲಿ ಸಿಕ್ಕಿಕೊಂಡಿತು. ದೇವರು ದೊಡ್ಡವನು, ಯಾರಿಗೂ ಏನೂ ಆಗಲಿಲ್ಲ.

ತಾಳಿ ಕಟ್ಟಿದ್ದು ಆಯಿತು, ಊಟಕ್ಕೆ ಎಲೆ ಹಾಕಿದ್ದೂ ಆಯಿತು. ಆದರೆ ಯಾರೂ ಕೂರಲೊಲ್ಲರು, ಎಲ್ಲರೂ ಬಣವೆಯ ಸುತ್ತ. ಗಂಡಿನ ಸೋದರತ್ತೆ ಅರೇಹಳ್ಳಿಯವರು, "ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ್ರೇನ್ರೀ ಅದಕ್ಕೆ? ಆಟೋಗೆ ಕಟ್ತೀರಿ, ಅಷ್ಟೆತ್ತರ ಹೋಗೋದಕ್ಕೆ ಬೇಡ್ವಾ?" ಎಂದರು. ತೋಟದ ಯಜಮಾನ, "ಅಲ್ಲಿ ಟವರ್ ಐತಲ್ಲ ಸ್ವಾಮಿ, ಅದು ಎಳ್ಕತ್ತದೆ. ನಮ್ಮ ಜೇನೇ ಓಡೋಗವೆ" ಎಂದ. ಬೋಂಡದ ಎಣ್ಣೆಯ ಹೊಗೆ ಕ್ಯಾಮೆರಾದ ಕಣ್ಣಿಗೆ ಹೋಯಿತೆಂದು ಒಬ್ಬರು. ಇನ್ನೊಬ್ಬ ಬಣವೆಗೆ ಬಿದ್ದದ್ದನ್ನು ತಿರುಗಿಸಿ ನೋಡಿ, ಮರದ ಮೇಲಿನದಕ್ಕೆ ಕೈ ತೋರಿಸಿ, "ಎರಡೂ ಒಂದೇ ಕಂಪನೀವು ಕಣ್ಲಾ, ಒಡಹುಟ್ಟಿದವು. ಎದುರಾಬದುರು ಬಂದ್ರೆ ಹೊಡೆದಾಡ್ದೆ ಇರ್ತವಾ?" ಎಂದ. ಅವನ ಮಾತಿಗೆ ಎಲ್ಲರೂ ನಕ್ಕೆವು. ನಗು ಮುಗಿಯುವಷ್ಟರಲ್ಲಿ ಯಾರೋ, "ಹೆಣ್ಣಿನ ಕಡೇದು ಅಡ್ಡ ಬಂತು" ಎಂದುಬಿಟ್ಟರು. "ನಿಮ್ಮದೇ ನುಗ್ಗಿ ಬಂತು" ಎಂದಿತು ನಮ್ಮ ಕಡೆಯ ದನಿಯೊಂದು. ಎರಡು ತಿಂಗಳ ಮರ್ಯಾದೆ ಎರಡು ನಿಮಿಷದಲ್ಲಿ ಕರಗತೊಡಗಿತು. ಸೋದರತ್ತೆ ಅಪಶಕುನ ಎಂಬ ಮಾತನ್ನೂ ಎತ್ತಿದರು. ಗೌರಿಯ ಮುಖ ಬಾಡಿಹೋಯಿತು. ಅದನ್ನು ನೋಡಿ ನನ್ನ ಜೀವ ಹೋಯಿತು.

ಆಗ ರುದ್ರಪ್ಪನವರು ಅಣ್ಣನ ಕಡೆ ತಿರುಗಿ, "ನಿಮ್ಮ ತಮ್ಮ ರೈಲ್ವೆಯವರು. ಇಂಥದ್ದರ ತನಿಖೆ ಅವರಿಗೆ ಗೊತ್ತು. ಅವರು ಹೇಳಿದಂಗೆ ಆಗಲಿ" ಎಂದರು. ನೋಡಿ ಹೇಗಿದೆ! ತಪ್ಪಿತಸ್ಥನೇ ತನಿಖಾಧಿಕಾರಿ. ನಾನು ಬಣವೆಯಿಂದ ತೆಂಗಿನ ಮರಕ್ಕೆ ಹೆಜ್ಜೆ ಅಳೆದೆ, ಕನ್ನಡಕ ತೆಗೆದು ಆಕಾಶ ನೋಡಿದೆ, ಹಾಕಿಕೊಂಡು ಮತ್ತೆ ನೋಡಿದೆ. "ಸಾರ್, ಮೊದಲು ನಿಮ್ಮದೇ ಅಂತ ನೀವೇ..." ಎಂದು ಬೇಲೂರಿನ ಕ್ಯಾಮೆರಾದವನು ಬಾಯಿ ತೆರೆದ. ಅವನ ಭುಜ ಒತ್ತಿ, "ನಿನ್ನ ಹೇಳಿಕೆ ಆಮೇಲೆ" ಎಂದೆ. ಅಷ್ಟರಲ್ಲಿ ತೋಟದ ಮೇಲೆ ದೂರದಲ್ಲಿ ಒಂದು ಹದ್ದು ತನ್ನ ಪಾಡಿಗೆ ತಾನು ಸುತ್ತುತ್ತಿದ್ದುದು ಕಂಡಿತು. "ಹದ್ದು!" ಎಂದೆ. "ಎರಡರ ನಡುವೆ ಹದ್ದು ನುಗ್ಗಿದೆ. ಯಾರದೂ ತಪ್ಪಿಲ್ಲ."

ಹದ್ದು ಹೆಣ್ಣಿನ ಕಡೆಯದಲ್ಲ, ಗಂಡಿನ ಕಡೆಯದೂ ಅಲ್ಲ. ತಕ್ಷಣ ಐದಾರು ಜನಕ್ಕೆ ತಾವೂ ಅದನ್ನು ನೋಡಿದ್ದು ನೆನಪಾಯಿತು. ಒಬ್ಬರಿಗೆ ಅದರ ಕತ್ತು ಬಿಳಿ ಇದ್ದದ್ದೂ ಕಂಡಿತ್ತು. ಎರಡೂ ಕಡೆಯವರು ಹದ್ದನ್ನು ಬಾಯಿ ತುಂಬ ಬೈದುಕೊಂಡು ಒಂದೇ ಪಂಕ್ತಿಯಲ್ಲಿ ಹೋಳಿಗೆ ತಿಂದರು. ಕ್ಯಾಮೆರಾದವರನ್ನು ಮಾತ್ರ ಪಂಕ್ತಿಯ ಈ ತುದಿಗೊಬ್ಬ, ಆ ತುದಿಗೊಬ್ಬ ಎಂದು ನಾನೇ ಕೂರಿಸಿದೆ.

ಮದುವೆಯ ದಿನ ಮರ ಹತ್ತುವವರು ಸಿಗದೆ ಸುಳಿಯಲ್ಲೇ ಉಳಿದಿದ್ದ ನಮ್ಮ ಕಡೆಯ ಡ್ರೋನ್ ಹದಿನೈದು ದಿನದ ಮೇಲೆ ಕಾಯಿ ಕೀಳಲು ಹತ್ತಿದವನಿಗೆ ಸಿಕ್ಕಿತು. ತವರಿಗೆ ಬಂದ ಗೌರಿ ಅದರಲ್ಲಿದ್ದ ವಿಡಿಯೋವನ್ನು ಮೊಬೈಲಿಗೆ ಹಾಕಿಕೊಂಡು, ನನ್ನೊಬ್ಬನನ್ನೇ ಜಗಲಿಗೆ ಕರೆದು ತೋರಿಸಿದಳು. ಮೇಲಿಂದ ನೋಡಿದರೆ ಎಲ್ಲರೂ ಮಂಟಪದ ಕಡೆಗೆ ಅಕ್ಷತೆ ಎರಚುತ್ತಿದ್ದಾರೆ. ಒಬ್ಬ ಬೋಳುತಲೆಯವನು ಮಾತ್ರ ಹಿಂದೆ ನಿಂತು ಆಕಾಶಕ್ಕೆ ಶಲ್ಯ ಬೀಸುತ್ತಿದ್ದಾನೆ.

"ಚಿಕ್ಕಪ್ಪಾ, ಹದ್ದೆಲ್ಲಿ?"

"ಇನ್ನೂ ಸ್ವಲ್ಪ ಮುಂದಕ್ಕೆ ಬರುತ್ತೆ, ನೋಡೇ."

"ಮುಂದೆ ಬರೀ ತೆಂಗಿನ ಗರಿ ಇದೆ." ಅವಳು ಬೋಳುತಲೆಯ ಚಿತ್ರವನ್ನು ದೊಡ್ಡದು ಮಾಡಿದಳು. "ಅಳ್ತಾ ಇದ್ರಾ ನೀವು?"

"ಬೋಂಡದ ಹೊಗೆ ಕಣೇ" ಎಂದೆ.

ಅವಳು ಬಿದ್ದು ಬಿದ್ದು ನಕ್ಕಳು. ಆಮೇಲೆ ನನ್ನ ತೋಳಿಗೆ ತಲೆಯಾನಿಸಿ, "ಹದ್ದೇ ಇರಲಿ ಬಿಡಿ" ಎಂದಳು. ಹಾಗಾಗಿ ಇವತ್ತಿಗೂ ಎರಡೂ ಮನೆಯವರ ಪ್ರಕಾರ ಅಪರಾಧಿ ಅದೇ. ಹೋಟೆಲಿನಲ್ಲಿ ಡಿಕ್ಕಿಯ ಮಾತು ಬಂದರೆ ನಾನೀಗ ಇನ್ನೊಂದು ಕಾಫಿ ತರಿಸಿಕೊಂಡು ಸುಮ್ಮನಿರುತ್ತೇನೆ. ಮನೆಯ ಮೇಲೆ ಹದ್ದು ಸುತ್ತುವುದು ಕಂಡರೆ ಮಾತ್ರ ಅಂಗಳಕ್ಕೆ ಬಂದು ಕೈಯೆತ್ತಿ ಮುಗಿಯುತ್ತೇನೆ. ಮುಗಿಯುತ್ತೇನೆ ಅಷ್ಟೆ, ಬೀಸುವುದಿಲ್ಲ.