ಅಳತೆಗೆ ಕತ್ತರಿಸಿದ ಲಾರಿ

ದರ್ಜಿ ಪ್ರತಿದಿನ ಬೆಳಿಗ್ಗೆ ಟೇಪನ್ನು ಕಣ್ಣಿಗೊತ್ತಿಕೊಂಡು, ಎದುರಿಗೆ ಕಂಡ ಯಾವುದಾದರೊಂದು ವಸ್ತುವಿನ ಅಳತೆ ತೆಗೆದ ಮೇಲೆಯೇ ಚಹಾ ಕುಡಿಯುತ್ತಿದ್ದ. ಕೈಗುಣ ಕೆಡಬಾರದು ನೋಡಿ. ಕಿಟಕಿ, ಬೆಕ್ಕು, ಅಂಚೆಯವನ ಚೀಲ, ಯಾವುದಾದರೂ ಸರಿಯೇ. (ಒಮ್ಮೆ ಹೆಂಡತಿಯ ಸೊಂಟ ಅಳೆದು, ಗಟ್ಟಿಯಾಗಿ ಓದಿಯೂಬಿಟ್ಟ. ಅಂದಿನಿಂದ ಜೀವವಿರುವವುಗಳಲ್ಲಿ ಬೆಕ್ಕೊಂದೇ ಅವನ ಪಾಲಿಗೆ ಉಳಿದದ್ದು.)

ಆ ದಿನ ಅವನು ಅಳೆದದ್ದು ಲಾರಿಯನ್ನು. ಮಿಲಿಟರಿಯವರು ಸಾಕೆಂದು ಹರಾಜಿಗಿಟ್ಟ ಮುದಿ ಲಾರಿ. ನಿಜ ಹೇಳಬೇಕೆಂದರೆ ಅವನು ಹರಾಜಿಗೆ ಹೋದದ್ದು ಅದರ ಮೇಲೆ ಹೊದಿಸಿದ್ದ ಟಾರ್ಪಾಲಿಗಾಗಿ. ಎಂಥ ಬಟ್ಟೆ, ಎಂಥ ನೇಯ್ಗೆ! ಬಿಡಿಯಾಗಿ ಕೊಡುವುದಿಲ್ಲ ಎಂದರು. ಗುಂಡಿ ಚೆನ್ನಾಗಿದೆಯೆಂದು ಕೋಟು ಕೊಳ್ಳುವವರಿಲ್ಲವೇ? ಕೊಂಡೇಬಿಟ್ಟ.

ಲಾರಿ ಓಣಿಯೊಳಗೆ ಬಂತು, ಆದರೆ ತಿರುಗಲಿಲ್ಲ. ಮೂತಿ ಎದುರು ಮನೆಯ ಗೇಟಿನಲ್ಲಿ, ಬಾಲ ಪಕ್ಕದ ಮನೆಯ ಗೋಡೆಯಲ್ಲಿ. ನಡುವೆ ಸಿಕ್ಕಿಕೊಂಡ ಹಾಲಿನವನು ಬೈದ ಬೈಗುಳಕ್ಕೆ ಹಾಲು ಒಡೆಯದಿದ್ದುದೇ ದೇವರ ದಯೆ.

"ರೀ, ಇದೊಂದು ಮಾತು ಕೇಳಿಸ್ಕೊಳ್ಳಿ," ಎಂದಳು ಹೆಂಡತಿ. ಅವಳು ಮನೆಯ ಹಿತ್ತಿಲಲ್ಲಿ ಹೂಗಿಡ ಬೆಳೆಸಿ, ಕುಂಡ ಸಮೇತ ಮಾರುವವಳು. "ಸೋಮವಾರ ಗುಡ್ಡದ ಮೇಲಿನ ಆಸ್ಪತ್ರೆಗೆ ನನ್ನ ಕುಂಡಗಳು ಹೋಗ್ಬೇಕು. ನಿಮ್ಮ ಲಾರಿ ಒಂದೂ ಒಡೀದೆ ತಲುಪಿಸಿದ್ರೆ ಅದು ಇಲ್ಲೇ ಇರ್ಲಿ. ಇಲ್ಲಾಂದ್ರೆ ಗುಜರಿಯವನಿಗೆ ಹೇಳಿಕಳಿಸ್ತೀನಿ. ಟಾರ್ಪಾಲು ಸಮೇತ."

ಟಾರ್ಪಾಲು ಸಮೇತ! ದರ್ಜಿ ಟಾರ್ಪಾಲಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡ.

"ಉದ್ದ ಜಾಸ್ತಿ ಆಗಿದೆ, ಅಷ್ಟೇ ಕಣೇ. ಪ್ಯಾಂಟು ಉದ್ದ ಆದ್ರೆ ಬಿಸಾಕ್ತಾರಾ? ಕತ್ತರಿಸಿ ಹೊಲೀತಾರೆ."

"ನಿಮ್ಮ ಬುದ್ಧಿಗೂ ಒಂದು ಹೊಲಿಗೆ ಹಾಕ್ಕೊಳ್ಳಿ."

ಆದರೆ ದರ್ಜಿ ಒಮ್ಮೆ ಕತ್ತರಿ ಎತ್ತಿದ ಮೇಲೆ ಇಳಿಸಿದವನಲ್ಲ. ಲಾರಿಯನ್ನು ವೆಲ್ಡಿಂಗ್ ಅಂಗಡಿಗೆ ಒಯ್ದು, ಅದರ ಬೆನ್ನುಮೂಳೆಯಂತಿದ್ದ ಚಾಸಿಯ ಮೇಲೆ ಬಟ್ಟೆಗೆ ಎಳೆಯುವ ಸೀಮೆಸುಣ್ಣದಿಂದಲೇ ಎರಡು ಗೆರೆ ಎಳೆದ.

"ಈ ಗೆರೆಯಿಂದ ಆ ಗೆರೆವರೆಗೆ ತೆಗೆದುಬಿಡಪ್ಪಾ. ಒಳಗೆ ಒಂದಿಷ್ಟು ಮಡಚಿ ಬಿಟ್ಟಿರು. ಮುಂದೆ ಬೇಕಾದ್ರೆ ಬಿಚ್ಚಿ ಉದ್ದ ಮಾಡ್ಕೋಬಹುದು."

"ಅಣ್ಣಾ, ಇದು ಕಬ್ಬಿಣ," ಎಂದ ವೆಲ್ಡರ್.

"ಹೌದಾ? ಹಾಗಾದ್ರೆ ಇಸ್ತ್ರಿ ಬೇಕಾಗಲ್ಲ ಬಿಡು!"

ಕಿಡಿ ಹಾರಿತು. ನಡುವಿನ ತುಂಡು ಹೋಯಿತು, ಹಿಂದಿನ ಚಕ್ರಗಳು ಮುಂದಿನವಕ್ಕೆ ಹತ್ತಿರವಾದವು, ಎಂಜಿನ್ನಿನಿಂದ ಹಿಂದಿನ ಗಾಲಿಗೆ ಹೋಗುವ ಉದ್ದನೆಯ ದಂಡವೂ ಗಿಡ್ಡವಾಯಿತು. ದರ್ಜಿ ಓಣಿಗೆ ಬಂದು ಸ್ಟೀರಿಂಗ್ ತಿರುಗಿಸಿದ. ಆಹಾ! ಲಾರಿ ಒಂದೇ ಸಲಕ್ಕೆ ಬುಗುರಿಯಂತೆ ತಿರುಗಿ ನಿಂತಿತು. ಓಣಿಯವರು ಬಾಯಿ ಬಿಟ್ಟು ನೋಡಿದರು. ದರ್ಜಿ ಆ ರಾತ್ರಿ ಚಕ್ರವರ್ತಿಯಂತೆ ಮಲಗಿದ.

ಚಕ್ರಾಧಿಪತ್ಯ ಮರುದಿನ ದೊಡ್ಡ ರಸ್ತೆಯವರೆಗೆ ಬಾಳಿತು. ಹಿಂದೆ ಆ ಲಾರಿ ಉಬ್ಬು ಬಂದರೆ ಆನೆಯ ಹಾಗೆ ನಿಧಾನವಾಗಿ ಹತ್ತಿ, ನಿಧಾನವಾಗಿ ಇಳಿಯುತ್ತಿತ್ತು. ಈಗ ಮುಂದಿನ ಚಕ್ರ ಇಳಿದು ಉಸಿರು ಬಿಡುವಷ್ಟರಲ್ಲಿ ಹಿಂದಿನದು ಹತ್ತುತ್ತಿತ್ತು. ಮರದ ಕುದುರೆಯ ಮೇಲೆ ಕೂಸು ತೂಗಿದಂತೆ ದರ್ಜಿ ತೂಗಿದ. ಸ್ಟೀರಿಂಗ್ ಮೊದಲು ಎರಡು ಸುತ್ತು ತಿರುಗಿಸಿದರೆ ‘ಯೋಚಿಸೋಣ’ ಎನ್ನುತ್ತಿದ್ದುದು, ಈಗ ಕೆಮ್ಮಿದರೆ ಸಾಕು, ಪಕ್ಕದ ಬೀದಿಗೆ ಹೋಗುತ್ತಿತ್ತು. ಬ್ರೇಕ್ ಒತ್ತಿದರೆ ಮೂತಿ ನೆಲಕ್ಕೆ ಬಾಗಿ ಸಾಷ್ಟಾಂಗ ನಮಸ್ಕಾರ.

"ಹೇಗಿದೆ?" ಎಂದಳು ಹೆಂಡತಿ.

"ಚುರುಕಾಗಿದೆ," ಎಂದ, ನಾಲಿಗೆ ಕಚ್ಚಿಕೊಂಡಿದ್ದರಿಂದ ತೊದಲುತ್ತ.

ಸೋಮವಾರ ಬಂತು. ಹತ್ತಿಸುವುದು ಸುಲಭವೆಂದು ದರ್ಜಿ ಕುಂಡಗಳನ್ನೆಲ್ಲ ಹಿಂಬಾಗಿಲ ಹತ್ತಿರವೇ ಒತ್ತೊತ್ತಾಗಿ ಜೋಡಿಸಿ, ಹಗ್ಗ ಬಿಗಿದ. ಹೆಂಡತಿ ಪಕ್ಕದಲ್ಲಿ ಕೂತಳು. ಗುಡ್ಡದ ಏರು ಶುರುವಾಯಿತು. ಲಾರಿಯ ಕುಂಡೆ ಕುಸಿಯಿತು, ಮೂತಿ ಮೇಲೆದ್ದಿತು. ತಿರುವಿನಲ್ಲಿ ದರ್ಜಿ ಸ್ಟೀರಿಂಗ್ ಬಲಕ್ಕೆ ತಿರುಗಿಸಿದ. ಮುಂದಿನ ಚಕ್ರಗಳು ಬಲಕ್ಕೆ ತಿರುಗಿದವು. ಲಾರಿ ಮಾತ್ರ ನೆಟ್ಟಗೆ ರಸ್ತೆ ಬದಿಯ ಕಾಲುವೆಯತ್ತ ಹೊರಟಿತು.

"ರೀ! ತಿರುಗ್ಸಿ!"

"ತಿರುಗ್ಸಿದೀನಿ ಕಣೇ! ಅದಕ್ಕೆ ಹೇಳು!"

"ದೇವರೇ! ಬ್ರೇಕ್ ಒತ್ತಿ!"

ಲಾರಿ ಕಾಲುವೆಯ ಅಂಚಿನಲ್ಲಿ ನಿಂತಿತು. ದರ್ಜಿಯ ಅಂಗಿ ಒಗೆದು ಹಿಂಡದೆ ಹರವಿದಂತಾಗಿತ್ತು. ಹೆಂಡತಿ ಕೆಳಗಿಳಿದು, ಹಿಂದೊಮ್ಮೆ ಮುಂದೊಮ್ಮೆ ನೋಡಿದಳು.

"ಭಾರವೆಲ್ಲ ಬಾಲದಲ್ಲಿ. ಮುಂದಿನ ಗಾಲಿ ನೆಲ ಮುಟ್ಟೋ ಶಾಸ್ತ್ರ ಮಾಡ್ತಿದೆ ಅಷ್ಟೆ, ಇನ್ನೆಲ್ಲಿ ತಿರುಗುತ್ತೆ? ಮೊದಲು ಉದ್ದ ಇತ್ತು, ತಡ್ಕೊಳ್ತಿತ್ತು. ಈಗ ಇದು ಲಾರಿ ಅಲ್ಲ ರೀ, ಟ್ರ್ಯಾಕ್ಟರು. ಅಪ್ಪನ ಟ್ರ್ಯಾಕ್ಟರೂ ಏರಲ್ಲಿ ಹೀಗೇ ಮುಂಗಾಲು ಎತ್ತುತ್ತಿತ್ತು."

"ನಿನಗೆ ಹೇಗೆ ಗೊತ್ತು?"

"ಮದುವೆಗೆ ಮುಂಚೆ ಅದನ್ನ ಓಡಿಸ್ತಿದ್ದದ್ದು ಯಾರು? ನಿಮಗೆ ಹೇಳಿದ್ನಲ್ಲ!"

ಹೇಳಿದ್ದಳು. ಹೆಣ್ಣು ನೋಡಲು ಹೋದ ದಿನವೇ ಹೇಳಿದ್ದಳು. ದರ್ಜಿ ಆಗ ಅವಳ ರವಿಕೆಯ ತೋಳು ವಕ್ರವಾಗಿ ಹೊಲಿದಿರುವುದನ್ನು ನೋಡುತ್ತ ಕೂತಿದ್ದ.

ಕುಂಡಗಳನ್ನೆಲ್ಲ ಡ್ರೈವರ್ ಸೀಟಿನ ಬೆನ್ನಿಗೆ ಒತ್ತಿಸಿ ಜೋಡಿಸಿದ್ದಾಯಿತು. ಮೂತಿ ತಗ್ಗಿತು. ಆದರೂ ಅವಳಿಗೆ ಸಮಾಧಾನವಾಗಲಿಲ್ಲ.

"ನೀವು ಮುಂದೆ ಕೂತ್ಕೊಳ್ಳಿ."

"ಮುಂದೇ ಕೂತಿದ್ನಲ್ಲ?"

"ಇನ್ನೂ ಮುಂದೆ." ಅವಳು ಬಾನೆಟ್ಟಿನ ಕಡೆ ಕೈ ತೋರಿಸಿದಳು.

"ಊರವರ ಮಾನ ಅಳೆದು ಹೊಲಿಯೋನು ಕಣೇ ನಾನು!"

"ಸದ್ಯಕ್ಕೆ ತೂಕ ಇದ್ರೆ ಸಾಕು. ಹತ್ತಿ."

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಣ್ಣು ಮುಚ್ಚಿ ಕೈ ಮುಗಿದು, ಗೇರ್ ಹಾಕಿದಳು. ಲಾರಿ ಹಸುಗೂಸಿನ ತೊಟ್ಟಿಲಿನ ಹಾಗೆ ಏರು ಹತ್ತಿತು. ಉಬ್ಬು ಬರುವ ಮೊದಲೇ ನಿಧಾನ, ತಿರುವಿಗೆ ಬೆರಳಷ್ಟು ಸ್ಟೀರಿಂಗ್. ಬಾನೆಟ್ಟಿನ ಮೇಲೆ, ಬಿಸಿ ತಾಳಲಾರದೆ ಆಗಾಗ ಪಕ್ಕ ಬದಲಿಸುತ್ತ, ಉತ್ಸವಮೂರ್ತಿಯಂತೆ ದರ್ಜಿ. ದಾರಿಯಲ್ಲಿ ಸಿಕ್ಕ ಕ್ಷೌರಿಕ ಸೈಕಲ್ ನಿಲ್ಲಿಸಿ ಕೇಳಿದ: "ಏನಣ್ಣಾ, ಲಾರಿ ಕೊಂಡ್ರೆ ಗೊಂಬೆ ಉಚಿತವಾ?"

ಆಸ್ಪತ್ರೆಯ ಜಗಲಿಯಲ್ಲಿ ಕುಂಡಗಳನ್ನು ಇಳಿಸಿದಾಗ ಒಂದಕ್ಕೂ ಬಿರುಕಿಲ್ಲ, ಒಂದು ಮೊಗ್ಗೂ ಉದುರಿರಲಿಲ್ಲ. ದರ್ಜಿ ಸುಟ್ಟ ಜಾಗವನ್ನು ಮೆಲ್ಲಗೆ ಸವರಿಕೊಂಡು, ತೀರ್ಪಿಗಾಗಿ ನಿಂತ.

"ಇರ್ಲಿ ರೀ," ಎಂದಳು ಹೆಂಡತಿ ಬಾನೆಟ್ಟನ್ನು ತಟ್ಟುತ್ತ. "ಗುಜರಿಗೆ ಕೊಡಲ್ಲ. ಪಾಪದ್ದು, ಹೇಳಿದ ಮಾತು ಕೇಳುತ್ತೆ."

ದರ್ಜಿಗೆ ಕಣ್ಣು ತುಂಬಿ ಬಂತು. ಕೀಲಿಗಾಗಿ ಕೈ ಚಾಚಿದ.

ಅವಳು ಕೀಲಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. "ನಾಳೆಯಿಂದ ಕುಂಡ ಸಾಗಿಸೋದಕ್ಕೆ ನನಗೇ ಬೇಕಲ್ಲ. ಟಾರ್ಪಾಲನ್ನೂ ಇಟ್ಕೊಂಡೆ. ಗಿಡಕ್ಕೆ ನೆರಳು."

ದರ್ಜಿ ಚಾಚಿದ ಕೈಯನ್ನು ಮೆಲ್ಲಗೆ ಜೇಬಿಗಿಳಿಸಿದ. ಹೆಂಡತಿ ಡ್ರೈವರ್ ಸೀಟು ಹತ್ತಿ, ಪಕ್ಕದ ಬಾಗಿಲನ್ನು ಒಳಗಿನಿಂದ ತೆರೆದಳು. ಅವಳ ದನಿಯಲ್ಲಿ ನಿಜವಾದ ಮಮತೆಯಿತ್ತು.

"ಬನ್ನಿ, ಈಗ ಒಳಗೇ ಕೂತ್ಕೊಳ್ಳಿ. ಅಂಗಡಿ ಬಾಗಿಲಿಗೇ ಬಿಡ್ತೀನಿ."

"ಬೇಡ," ಎಂದ ದರ್ಜಿ, ಅಂಗಿ ಸರಿಮಾಡಿಕೊಂಡು. "ನೀನು ಹೊರಡು. ನಾನು ನಡ್ಕೊಂಡು ಬರ್ತೀನಿ."